ಕಾವ್ಯದ ಮೋಡವೂ ಭೂಪಟದ ಮೋಡವೂ

ಬೇರೆ ಬೇರೆ ಭಾಷೆಗಳ ಕೃತಿಗಳನ್ನು ಹೋಲಿಸಿ ನೋಡುವ ಶಾಸ್ತ್ರಕ್ಕೆ ತೌಲನಿಕ ಸಾಹಿತ್ಯವೆಂದು ಹೆಸರು. ನಮ್ಮ ದೇಶದಲ್ಲಿ ಜಾದವಪುರ ವಿಶ್ವವಿದ್ಯಾನಿಲಯವು 1956ರಲ್ಲಿ ಇದಕ್ಕಾಗಿಯೇ ಒಂದು ವಿಭಾಗವನ್ನು ತೆರೆಯಿತು. ಈ ಶಾಸ್ತ್ರದೊಡನೆ ಭೂಗೋಳವನ್ನೂ ಅಭ್ಯಾಸ ಮಾಡಬಯಸುವ ವಿದ್ಯಾರ್ಥಿಯನ್ನು ಹಿರಿಯರು, "ಇವೆರಡಕ್ಕೂ ಏನು ಸಂಬಂಧ?" ಎಂದು ಕೇಳುವುದುಂಟು. ಒಂದು ಭಾವನೆಯ ಕ್ಷೇತ್ರ, ಇನ್ನೊಂದು ಅಳತೆಯ ಕ್ಷೇತ್ರವೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಅದು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಈಗ ಪರೀಕ್ಷಿಸೋಣ.

ಕಾಳಿದಾಸನ ಮೇಘದೂತವನ್ನು ತೆಗೆದುಕೊಳ್ಳೋಣ. ರಾಮಗಿರಿಯಲ್ಲಿರುವ ಯಕ್ಷನು ಆಷಾಢದಲ್ಲಿ ಕಂಡ ಮೋಡವೊಂದನ್ನು ಕೈಲಾಸದ ಬಳಿಯ ಅಲಕಾನಗರಿಗೆ ದೂತನನ್ನಾಗಿ ಕಳುಹಿಸುತ್ತಾನೆ. ರಾಮಗಿರಿಯೆಂದರೆ ನಾಗಪುರದ ಸಮೀಪದ ರಾಮಟೇಕ್ ಎಂಬುದು ಅನೇಕ ವಿದ್ವಾಂಸರ ಮತ. ನೈಋತ್ಯ ಮಾರುತವು ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ ಕೇರಳವನ್ನು ಮುಟ್ಟಿ, ಜೂನ್ ಮಧ್ಯದಲ್ಲಿ ಆ ಸೀಮೆಯನ್ನು ತಲಪುತ್ತದೆ. ಆಷಾಢವು ಬರುವುದು ಜೂನ್–ಜುಲೈ ತಿಂಗಳುಗಳಲ್ಲಿ. ಆದಕಾರಣ ಕವಿಯ ಕಾಲಗಣನೆಯಲ್ಲಿ ತಪ್ಪಿಲ್ಲ.

ಆದರೆ ಭೂಪಟವನ್ನು ಬಿಚ್ಚಿದೊಡನೆ ಒಂದು ತೊಡಕು ಕಾಣುತ್ತದೆ. ರಾಮಟೇಕಿನಿಂದ ಕೈಲಾಸವು ಬಹುಮಟ್ಟಿಗೆ ಉತ್ತರಕ್ಕೆ, ಸುಮಾರು 1,100 ಕಿಲೋಮೀಟರು ದೂರದಲ್ಲಿದೆ. ಉಜ್ಜಯಿನಿಯಾದರೋ ಬಹುದೂರ ಪಶ್ಚಿಮಕ್ಕಿದೆ. ಮೋಡವು ಅಲ್ಲಿಗೇಕೆ ಹೋಗಬೇಕು? ಇದರ ಉತ್ತರ ಹವಾಶಾಸ್ತ್ರದಲ್ಲಿಲ್ಲ, ಕಾವ್ಯದಲ್ಲಿದೆ. ದಾರಿ ಸುತ್ತಾದರೂ ಆ ನಗರವನ್ನು ನೋಡದೆ ಹೋಗಬಾರದೆಂದು ಯಕ್ಷನೇ ಮೋಡಕ್ಕೆ ಹೇಳುತ್ತಾನೆ. ಕವಿಗೆ ದಾರಿ ತಿಳಿದಿತ್ತು, ತಿಳಿದೇ ತಿರುಗಿಸಿದನು. ಭೂಪಟವನ್ನು ನೋಡದವನಿಗೆ ಈ ತಿರುವು ಎಷ್ಟು ದೊಡ್ಡದೆಂಬುದೇ ಹೊಳೆಯದು.

ಇದರ ಜೊತೆಗೆ, ಪಶ್ಚಿಮ ಮಾರುತವನ್ನು ಕುರಿತ ಆಂಗ್ಲ ಕವಿ ಷೆಲ್ಲಿಯ ಪ್ರಗಾಥವನ್ನಿಟ್ಟು ಹೋಲಿಸೋಣ. ಅದು 1819ರ ಶರತ್ಕಾಲದಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಬಳಿಯ ಕಾಡಿನಲ್ಲಿ ಹುಟ್ಟಿತು. ಷೆಲ್ಲಿಯ ಗಾಳಿ ಎಲೆಗಳನ್ನು ಉದುರಿಸುತ್ತದೆ, ಬೀಜಗಳನ್ನು ನೆಲದಲ್ಲಿ ಮಲಗಿಸುತ್ತದೆ. ಚಿಗುರಿಗೆ ವಸಂತದವರೆಗೆ ಕಾಯಬೇಕು. ಕಾಳಿದಾಸನ ಮೋಡವಾದರೋ ಬಂದೊಡನೆ ಕದಂಬವನ್ನು ಅರಳಿಸುತ್ತದೆ. ಒಬ್ಬ ಕವಿ ವಿಷಾದಶೀಲ, ಇನ್ನೊಬ್ಬ ಉಲ್ಲಾಸಶೀಲ ಎಂದು ನಾವು ತೀರ್ಪು ಕೊಟ್ಟುಬಿಡಬಹುದೆ? ಮಂಗಳೂರಿನಲ್ಲಿ ಜುಲೈ ತಿಂಗಳು ಮಳೆ ಸುರಿಯುವ ಕಾಲ. ಫ್ಲಾರೆನ್ಸಿನಲ್ಲಿ ಅದೇ ಒಣ ತಿಂಗಳು. ಅಲ್ಲಿ ಮಳೆ ಬಲಿಯುವುದು ಎಲೆಯುದುರುವ ಕಾಲದಲ್ಲಿ, ಚಳಿಯ ಮುನ್ನ. ವ್ಯತ್ಯಾಸದ ಒಂದು ಭಾಗ ಕವಿಯದಲ್ಲ, ಋತುವಿನದು.

ಹಾಗೆಂದು ಎಲ್ಲವನ್ನೂ ಹವೆಗೇ ಒಪ್ಪಿಸುವುದೂ ತಪ್ಪು. ಅದೇ ಮುಂಗಾರನ್ನು ಕಂಡವರು ಅಸಂಖ್ಯರು. ಮೇಘದೂತವನ್ನು ಬರೆದವನು ಒಬ್ಬನೇ. ಋತುವಿನ ಪಾಲನ್ನು ಕಳೆದ ಮೇಲೆ ಉಳಿಯುವುದೇ ಕವಿಯ ಸ್ವಂತ ಪಾಲು. ಭೂಗೋಳಕ್ಕೂ ಸಾಹಿತ್ಯದ ನೆರವು ಬೇಕು. ಎಷ್ಟು ಮಿಲಿಮೀಟರು ಮಳೆ ಬಿದ್ದಿತೆಂದು ಮಳೆಮಾಪಕವು ಹೇಳುತ್ತದೆ; ಆ ಮಳೆಗಾಗಿ ಜನರು ಹೇಗೆ ಕಾದರೆಂಬುದನ್ನು ಹೇಳಲಾರದು. ಇದನ್ನರಿತೇ ಭೂಗೋಳಜ್ಞ ಹುಂಬೋಲ್ಟನು 1847ರಲ್ಲಿ ಪ್ರಕಟವಾದ ತನ್ನ 'ಕಾಸ್ಮೊಸ್' ಗ್ರಂಥದ ಎರಡನೆಯ ಸಂಪುಟದಲ್ಲಿ ನಾನಾ ಜನಾಂಗಗಳ ಪ್ರಕೃತಿವರ್ಣನೆಯನ್ನು ಪರಿಶೀಲಿಸಿದನು, ಕಾಳಿದಾಸನನ್ನೂ ಬಿಡಲಿಲ್ಲ.

ವಿದ್ಯಾರ್ಥಿಗಳು ತಮಗೆ ಪ್ರಿಯವಾದ ಎರಡು ಋತುವರ್ಣನೆಗಳನ್ನು ಆರಿಸಿಕೊಂಡು, ಭೂಪಟವನ್ನೂ ಆಯಾ ಊರುಗಳ ತಿಂಗಳುವಾರು ಮಳೆಯ ಕೋಷ್ಟಕವನ್ನೂ ಪಕ್ಕದಲ್ಲಿಟ್ಟು ಓದಿನೋಡಲಿ. ಹಿರಿಯರ ಪ್ರಶ್ನೆಗೆ ಉತ್ತರವು ಅವರಿಗೆ ತಾನಾಗಿಯೇ ದೊರೆಯುವುದು.