ಸರ್ವರ್‌ಗೆ ಸಾಗಿಸಿದ ಲೆಕ್ಕಪತ್ರ ಯಥಾವತ್ತಾಗಿ ತಲುಪಿದೆಯೇ?

ಲೆಕ್ಕಪತ್ರಗಳು ಕಾಗದದ ವಹಿಗಳಿಂದ ಗಣಕಯಂತ್ರಕ್ಕೆ ಸ್ಥಳಾಂತರಗೊಂಡ ಮೇಲೆ ವ್ಯಾಪಾರಸ್ಥರ ಹಾಗೂ ಸಣ್ಣ ಉದ್ದಿಮೆದಾರರ ಚಿಂತೆಯ ಸ್ವರೂಪವೂ ಬದಲಾಗಿದೆ. ಹಿಂದೆ ಗೆದ್ದಲು, ಮಳೆನೀರು ಮತ್ತು ಬೆಂಕಿಯಿಂದ ವಹಿಗಳನ್ನು ಕಾಪಾಡಿದರೆ ಸಾಕಾಗಿತ್ತು. ಇಂದು ಕಣ್ಣಿಗೆ ಬೀಳದಂತೆ ದತ್ತಾಂಶವೇ ಕೆಡುವ ಅಪಾಯವನ್ನೂ ಗಮನಿಸಬೇಕಾಗಿದೆ. ಬಹುತೇಕ ಕಚೇರಿಗಳಲ್ಲಿ ದಿನದ ವ್ಯವಹಾರ ಮುಗಿದೊಡನೆ ಲೆಕ್ಕದ ಫೈಲ್‌ಗಳನ್ನು ನೆಟ್‌ವರ್ಕ್ ಮೂಲಕ ಸರ್ವರ್‌ಗೆ ನಕಲು ಮಾಡಲಾಗುತ್ತದೆ. ನಕಲು ಪೂರ್ಣಗೊಂಡಿತೆಂಬ ಸಂದೇಶ ಪರದೆಯ ಮೇಲೆ ಮೂಡಿದರೆ ಕೆಲಸ ಮುಗಿಯಿತೆಂದು ಭಾವಿಸುವುದು ವಾಡಿಕೆ. ಆದರೆ ಆ ಸಂದೇಶವು ನಕಲು ಮಾಡುವ ಕ್ರಿಯೆ ಮುಗಿದಿದೆ ಎಂಬುದನ್ನಷ್ಟೇ ತಿಳಿಸುತ್ತದೆ. ನಕಲು ಮೂಲದಂತೆಯೇ ಇದೆ ಎಂದು ಅದು ಪ್ರಮಾಣೀಕರಿಸುವುದಿಲ್ಲ. ಈ ವ್ಯತ್ಯಾಸವು ಸಾಮಾನ್ಯವಾಗಿ ಅರಿವಿಗೆ ಬರುವುದು ಮೂಲ ಫೈಲ್ ಕಳೆದುಹೋಗಿ ನಕಲನ್ನು ತೆರೆಯಬೇಕಾದ ದಿನದಂದು.

ಕಾನೂನಿನ ಅಗತ್ಯ

ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆ, 2017ರ ಕಲಂ 36ರ ಪ್ರಕಾರ ನೋಂದಾಯಿತ ವ್ಯಕ್ತಿಯು ತನ್ನ ಲೆಕ್ಕಪತ್ರಗಳನ್ನು ಸಂಬಂಧಿತ ವರ್ಷದ ವಾರ್ಷಿಕ ವಿವರಣ ಪತ್ರ ಸಲ್ಲಿಸಬೇಕಾದ ಅಂತಿಮ ದಿನಾಂಕದಿಂದ 72 ತಿಂಗಳವರೆಗೆ ಉಳಿಸಿಕೊಳ್ಳಬೇಕು. ಅದೇ ಕಾಯಿದೆಯಡಿಯ ನಿಯಮ 57ರ ಪ್ರಕಾರ, ವಿದ್ಯುನ್ಮಾನ ದಾಖಲೆಗಳು ಅಪಘಾತದಿಂದಲೋ ನೈಸರ್ಗಿಕ ಕಾರಣದಿಂದಲೋ ನಾಶವಾದಲ್ಲಿ ಸಮಂಜಸ ಅವಧಿಯೊಳಗೆ ಮರಳಿ ಪಡೆಯುವಂತೆ ಅವುಗಳ ಬ್ಯಾಕಪ್ ಇರಿಸಬೇಕು. ಕಂಪನಿಗಳಿಗೆ ಕಂಪನಿ ಕಾಯಿದೆ, 2013ರ ಕಲಂ 128 ಎಂಟು ಆರ್ಥಿಕ ವರ್ಷಗಳ ಅವಧಿಯನ್ನು ವಿಧಿಸಿದೆ. ವಿದ್ಯುನ್ಮಾನ ರೂಪದ ಲೆಕ್ಕಪತ್ರಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನವೂ ಇರಿಸಬೇಕೆಂದು 2022ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಕೆಟ್ಟುಹೋದ ನಕಲನ್ನು ಪ್ರತಿದಿನ ಶ್ರದ್ಧೆಯಿಂದ ಕೂಡಿಟ್ಟರೆ ಈ ನಿಯಮಗಳ ಉದ್ದೇಶ ಈಡೇರುವುದಿಲ್ಲ.

ತಾಳೆಯಾದ ಮಾತ್ರಕ್ಕೆ ಸರಿಯೆಂದಲ್ಲ

ನೆಟ್‌ವರ್ಕ್‌ನಲ್ಲಿ ದೊಡ್ಡ ಫೈಲ್ ಒಂದೇ ಮೂಟೆಯಾಗಿ ಸಾಗುವುದಿಲ್ಲ. ಸುಮಾರು 1,500 ಬೈಟ್‌ಗಳ ಸಣ್ಣ ಪೊಟ್ಟಣಗಳಾಗಿ ಒಡೆದು ಸಾಗುತ್ತದೆ. ಪ್ರತಿ ಪೊಟ್ಟಣಕ್ಕೂ ಎರಡು ಹಂತದ ತಪಾಸಣೆಯುಂಟು. ಮೊದಲನೆಯದು ಈಥರ್‌ನೆಟ್‌ನ 32 ಬಿಟ್‌ಗಳ ಸಿ.ಆರ್.ಸಿ. ತಪಾಸಣೆ. ಕೇಬಲ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುವಾಗ ಉಂಟಾಗುವ ದೋಷವನ್ನು ಇದು ಬಲು ಚೆನ್ನಾಗಿ ಹಿಡಿಯುತ್ತದೆ. ಎರಡನೆಯದು ಟಿ.ಸಿ.ಪಿ. ಚೆಕ್‌ಸಮ್. ಇದು ಪೊಟ್ಟಣದೊಳಗಿನ ಸಂಖ್ಯೆಗಳನ್ನು 16 ಬಿಟ್‌ಗಳ ಘಟಕಗಳಾಗಿ ಕೂಡಿ ಪಡೆದ ಮೊತ್ತ.

ಕೂಡಿಕೆಯನ್ನು ಆಧರಿಸಿದ ತಪಾಸಣೆಯ ಮಿತಿ ಲೆಕ್ಕ ಬರೆಯುವವರಿಗೆ ಹೊಸತಲ್ಲ. ರಾಮಪ್ಪನ ಖಾತೆಗೆ ಖರ್ಚು ಹಾಕಬೇಕಾದ 4,500 ರೂಪಾಯಿಯನ್ನು ಭೀಮಪ್ಪನ ಖಾತೆಗೆ ಹಾಕಿದರೂ ತಾಳೆಪಟ್ಟಿ ತಾಳೆಯಾಗುತ್ತದೆ. ಅದೇ ರೀತಿ 16 ಬಿಟ್‌ಗಳ ಎರಡು ಘಟಕಗಳು ಪರಸ್ಪರ ಸ್ಥಾನ ಬದಲಿಸಿಕೊಂಡರೆ ಚೆಕ್‌ಸಮ್‌ನ ಮೊತ್ತ ಬದಲಾಗುವುದಿಲ್ಲ. ತಪ್ಪು ಪತ್ತೆಯಾಗುವುದೂ ಇಲ್ಲ.

ಜೊನಾಥನ್ ಸ್ಟೋನ್ ಮತ್ತು ಕ್ರೇಗ್ ಪಾರ್ಟ್ರಿಜ್ ಎಂಬ ಸಂಶೋಧಕರು 2000ನೇ ಇಸವಿಯಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಷಯದಲ್ಲಿ ಪ್ರಸಿದ್ಧ. ಅವರು ಪರೀಕ್ಷಿಸಿದ ಜಾಲಗಳಲ್ಲಿ 1,100 ಪೊಟ್ಟಣಗಳಿಗೆ ಒಂದರಿಂದ 32,000 ಪೊಟ್ಟಣಗಳಿಗೆ ಒಂದರವರೆಗೆ ಟಿ.ಸಿ.ಪಿ. ಚೆಕ್‌ಸಮ್ ವಿಫಲವಾಗಿತ್ತು. ಎರಡೂ ತಪಾಸಣೆಗಳಿಂದ ತಪ್ಪಿಸಿಕೊಳ್ಳುವ ದೋಷವು 1.6 ಕೋಟಿ ಪೊಟ್ಟಣಗಳಿಗೆ ಒಂದರಿಂದ 1,000 ಕೋಟಿ ಪೊಟ್ಟಣಗಳಿಗೆ ಒಂದರವರೆಗೆ ಇರಬಹುದೆಂದು ಅವರು ಅಂದಾಜಿಸಿದರು. ಇದು ಅಂದಿನ ಜಾಲಗಳ ಲೆಕ್ಕ. ಆದರೂ ಫೈಲ್‌ನ ಗಾತ್ರ ಏಕೆ ಮುಖ್ಯ ಎಂಬುದು ಇದರಿಂದ ತಿಳಿಯುತ್ತದೆ. 50 ಜಿ.ಬಿ.ಯ ಒಂದು ಬ್ಯಾಕಪ್ ಸಾಗಿಸಲು ಸುಮಾರು 3.4 ಕೋಟಿ ಪೊಟ್ಟಣಗಳು ಬೇಕು. ಒಂದು ಪತ್ರ ಕಳುಹಿಸುವಾಗ ನಗಣ್ಯವಾದ ದೋಷವು ಇಷ್ಟು ದೊಡ್ಡ ವರ್ಗಾವಣೆಯಲ್ಲಿ ನಗಣ್ಯವಾಗಿ ಉಳಿಯುವುದಿಲ್ಲ.

ಒಂದು ಐತಿಹಾಸಿಕ ಪ್ರಸಂಗ

ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಸಾಲ್ಟ್ಜರ್, ರೀಡ್ ಮತ್ತು ಕ್ಲಾರ್ಕ್ ಎಂಬ ಮೂವರು 1984ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತಮ್ಮ ಸಂಸ್ಥೆಯ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ. ಅಲ್ಲಿ ಹಲವು ಜಾಲಗಳನ್ನು ಜೋಡಿಸುವ ಗೇಟ್‌ವೇ ಗಣಕಗಳಿದ್ದವು. ಒಂದು ಗೇಟ್‌ವೇಯಿಂದ ಮತ್ತೊಂದಕ್ಕೆ ಸಾಗುವಾಗ ಪ್ರತಿ ಪೊಟ್ಟಣದ ಚೆಕ್‌ಸಮ್ ಪರಿಶೀಲನೆಯಾಗುತ್ತಿದ್ದುದರಿಂದ ಜಾಲವು ವಿಶ್ವಾಸಾರ್ಹವೆಂದು ಎಲ್ಲರೂ ನಂಬಿದ್ದರು. ಆದರೆ ಒಂದು ಗೇಟ್‌ವೇಯ ಒಳಗೇ ದೋಷವಿತ್ತು. ಬಂದ ದತ್ತಾಂಶವನ್ನು ತನ್ನ ಮೆಮೊರಿಯ ಒಂದು ಭಾಗದಿಂದ ಇನ್ನೊಂದಕ್ಕೆ ನಕಲಿಸುವಾಗ ಅದು ಸುಮಾರು ಹತ್ತು ಲಕ್ಷ ಬೈಟ್‌ಗಳಿಗೊಮ್ಮೆ ಎರಡು ಬೈಟ್‌ಗಳನ್ನು ಅದಲುಬದಲು ಮಾಡುತ್ತಿತ್ತು. ಇದರಿಂದ ಮಹತ್ವದ ಫೈಲ್‌ಗಳು ಕೆಟ್ಟುಹೋದವು. ಕೊನೆಗೆ ಅವುಗಳ ಒಡೆಯರು ಹಳೆಯ ಮುದ್ರಿತ ಪ್ರತಿಗಳೊಡನೆ ಸಾಲು ಸಾಲಾಗಿ ಹೋಲಿಸಿ ತಿದ್ದಬೇಕಾಯಿತು.

ಸರಕು ಸಾಗಣೆಯ ಭಾಷೆಯಲ್ಲಿ ಹೇಳುವುದಾದರೆ, ಲಾರಿ ರಸ್ತೆಯಲ್ಲಿದ್ದಾಗ ಮೊಹರು ಭದ್ರವಾಗಿತ್ತು. ನಡುದಾರಿಯ ಗೋದಾಮಿನಲ್ಲಿ ಸರಕು ಬದಲಾಯಿತು. ನಡುದಾರಿಯ ತಪಾಸಣೆ ಎಷ್ಟೇ ಇದ್ದರೂ ಹೊರಟ ಸರಕನ್ನೂ ತಲುಪಿದ ಸರಕನ್ನೂ ನೇರವಾಗಿ ಹೋಲಿಸದೆ ಖಾತ್ರಿಯಿಲ್ಲ ಎಂಬುದೇ ಆ ಪ್ರಬಂಧದ ಸಾರ.

ಹೋಲಿಸುವ ಸಾಧನ

ಎರಡು ಫೈಲ್‌ಗಳ ಗಾತ್ರ ಒಂದೇ ಇದ್ದರೆ ಸಾಲದು. ಪ್ರತಿ ಫೈಲ್‌ಗೂ ಅದರ ಸಮಸ್ತ ದತ್ತಾಂಶದಿಂದ ಲೆಕ್ಕಹಾಕಿದ ಹ್ಯಾಶ್ ಮೌಲ್ಯವನ್ನು ಪಡೆಯಬಹುದು. ಎಸ್‌.ಎಚ್‌.ಎ.-256 ಎಂಬ ವಿಧಾನದಲ್ಲಿ ಇದು 64 ಅಕ್ಷರಾಂಕಗಳ ಒಂದು ಸಾಲಾಗಿರುತ್ತದೆ. ಫೈಲ್‌ನಲ್ಲಿ ಒಂದೇ ಒಂದು ಬಿಟ್ ಬದಲಾದರೂ, ಸ್ಥಾನ ಅದಲುಬದಲಾದರೂ ಈ ಸಾಲು ಸಂಪೂರ್ಣ ಬೇರೆಯಾಗುತ್ತದೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಆದೇಶ ಅಥವಾ ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್, ಲಿನಕ್ಸ್‌ನಲ್ಲಿ ಎಸ್‌.ಎಚ್‌.ಎ.256ಸಮ್ ಆದೇಶ ಇದಕ್ಕೆಂದೇ ಇವೆ. ಪ್ರತ್ಯೇಕ ತಂತ್ರಾಂಶ ಖರೀದಿಸುವ ಅಗತ್ಯವಿಲ್ಲ.

ದೋಷ ಪತ್ತೆಯ ಕ್ರಮ

1. ಸಂಶಯ ಮೂಡಿದ ಕ್ಷಣದಿಂದ ಹಳೆಯ ಬ್ಯಾಕಪ್‌ಗಳನ್ನು ಅಳಿಸುವುದನ್ನೂ ಅವುಗಳ ಮೇಲೆ ಹೊಸದನ್ನು ಬರೆಯುವುದನ್ನೂ ನಿಲ್ಲಿಸಬೇಕು. ಕೊನೆಯ ಸರಿಯಾದ ಪ್ರತಿ ಅವುಗಳಲ್ಲೇ ಇರಬಹುದು.

2. ಲೆಕ್ಕದ ತಂತ್ರಾಂಶವನ್ನು ಎಲ್ಲ ಗಣಕಗಳಲ್ಲಿಯೂ ಮುಚ್ಚಬೇಕು. ಬಳಕೆಯಲ್ಲಿರುವ ಫೈಲ್ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಹ್ಯಾಶ್ ಹೊಂದದಿದ್ದರೆ ಅದು ದೋಷವೆಂದು ಹೇಳಲಾಗದು.

3. ಮೂಲ ಫೈಲ್‌ನ ಹ್ಯಾಶ್ ಮೌಲ್ಯವನ್ನು ಎರಡು ಬಾರಿ ಲೆಕ್ಕಹಾಕಬೇಕು. ಎರಡನೆಯ ಬಾರಿಗೆ ಮುನ್ನ ಯಂತ್ರವನ್ನು ಪುನಃ ಚಾಲನೆ ಮಾಡಬೇಕು. ಇಲ್ಲದಿದ್ದರೆ ಯಂತ್ರವು ಡಿಸ್ಕ್‌ನ ಬದಲು ಮೊದಲೇ ಮೆಮೊರಿಗೆ ಬಂದ ಪ್ರತಿಯನ್ನೇ ಓದುವುದುಂಟು. ಎರಡು ಮೌಲ್ಯಗಳು ಬೇರೆಯಾದರೆ ದೋಷವಿರುವುದು ನೆಟ್‌ವರ್ಕ್‌ನಲ್ಲಲ್ಲ, ಆ ಯಂತ್ರದ ಮೆಮೊರಿ ಅಥವಾ ಡಿಸ್ಕ್‌ನಲ್ಲಿ. ಸರ್ವರ್‌ಗೆ ತಲುಪಿದ ಪ್ರತಿಯನ್ನೂ ಹೀಗೆಯೇ ಪರೀಕ್ಷಿಸಬೇಕು.

4. ಒಂದೇ ಫೈಲನ್ನು ಬೇರೆ ಬೇರೆ ಹೆಸರಿನಲ್ಲಿ ಮೂರು ಬಾರಿ ವರ್ಗಾಯಿಸಬೇಕು. ಮೂರೂ ಬಾರಿ ಒಂದೇ ತಪ್ಪು ಮೌಲ್ಯ ಬಂದರೆ ಮೊದಲು ತಂತ್ರಾಂಶವನ್ನು ಶಂಕಿಸಬೇಕು. ಉದಾಹರಣೆಗೆ, ಎಫ್.ಟಿ.ಪಿ. ವರ್ಗಾವಣೆಯನ್ನು ಬೈನರಿ ಬದಲು ಪಠ್ಯ ವಿಧಾನದಲ್ಲಿ ಇರಿಸಿದರೆ ಅದು ಸಾಲಿನ ಕೊನೆಯ ಚಿಹ್ನೆಗಳನ್ನು ಬದಲಿಸಿ ಲೆಕ್ಕದ ಫೈಲನ್ನು ಕೆಡಿಸುತ್ತದೆ. ಪ್ರತಿ ಬಾರಿಯೂ ಬೇರೆ ಮೌಲ್ಯ ಬಂದರೆ, ಅಥವಾ ಒಮ್ಮೆ ಸರಿ ಒಮ್ಮೆ ತಪ್ಪು ಬಂದರೆ, ಮೆಮೊರಿ, ನೆಟ್‌ವರ್ಕ್ ಕಾರ್ಡ್ ಅಥವಾ ಅದರ ಚಾಲಕ ತಂತ್ರಾಂಶದತ್ತ ಗಮನ ಹರಿಸಬೇಕು.

5. ಅದೇ ಫೈಲನ್ನು ಹೊರ ಡಿಸ್ಕ್ ಮೂಲಕ ಸರ್ವರ್‌ಗೆ ಒಯ್ಯಬೇಕು. ಹಾಗೂ ಕೆಟ್ಟರೆ ನೆಟ್‌ವರ್ಕ್ ಬಹುತೇಕ ನಿರ್ದೋಷಿ. ನಂತರ ಬೇರೊಂದು ಗಣಕದಿಂದ ಕಳುಹಿಸಿ ನೋಡಬೇಕು. ಪ್ರತಿ ಪರೀಕ್ಷೆಯಲ್ಲೂ ಒಂದನ್ನು ಮಾತ್ರ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕಾರಣವೆಂದು ತಿಳಿಯದು.

6. ಕೇಬಲ್ ಬಗ್ಗೆ ಒಂದು ಮಾತು. ಬಹುತೇಕರು ಮೊದಲು ಕೇಬಲನ್ನು ದೂರುತ್ತಾರೆ. ಕೆಟ್ಟ ಕೇಬಲ್‌ನ ದೋಷವನ್ನು ಸಿ.ಆರ್.ಸಿ. ಹಿಡಿದು ಪೊಟ್ಟಣವನ್ನು ತಿರಸ್ಕರಿಸುವುದರಿಂದ ಅದನ್ನು ಮತ್ತೆ ಕಳುಹಿಸಲಾಗುತ್ತದೆ. ಆದ್ದರಿಂದ ಕೆಟ್ಟ ಕೇಬಲ್‌ನ ಸಾಮಾನ್ಯ ಲಕ್ಷಣ ವೇಗ ಕುಂದುವುದೇ ಹೊರತು ಫೈಲ್ ಕೆಡುವುದಲ್ಲ. ಸ್ವಿಚ್‌ನಲ್ಲಿ ಸಿ.ಆರ್.ಸಿ. ದೋಷಗಳ ಎಣಿಕೆ ಏರುತ್ತಿದ್ದರೆ ಮಾತ್ರ ಕೇಬಲ್ ಮತ್ತು ಕನೆಕ್ಟರ್ ಬದಲಿಸುವುದು ಸೂಕ್ತ.

7. ಈಚಿನ ನೆಟ್‌ವರ್ಕ್ ಕಾರ್ಡ್‌ಗಳು ಚೆಕ್‌ಸಮ್‌ನ ಲೆಕ್ಕವನ್ನು ತಾವೇ ಮಾಡುತ್ತವೆ. ಆ ಲೆಕ್ಕಕ್ಕೆ ಮುನ್ನವೇ ಕಾರ್ಡ್‌ನೊಳಗೆ ದತ್ತಾಂಶ ಕೆಟ್ಟರೆ, ಕೆಟ್ಟ ದತ್ತಾಂಶಕ್ಕೇ ಸರಿಯಾದ ಚೆಕ್‌ಸಮ್ ಅಂಟುತ್ತದೆ. ಕಾರ್ಡ್‌ನ ಚೆಕ್‌ಸಮ್ ಆಫ್‌ಲೋಡ್ ಸೌಲಭ್ಯವನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಿ ಪರೀಕ್ಷಿಸಬೇಕು. ದೋಷ ಮಾಯವಾದರೆ ಚಾಲಕ ತಂತ್ರಾಂಶವನ್ನು ನವೀಕರಿಸಬೇಕು, ಇಲ್ಲವೇ ಕಾರ್ಡ್ ಬದಲಿಸಬೇಕು.

8. ಎರಡೂ ಯಂತ್ರಗಳಲ್ಲಿ ಮೆಮ್‌ಟೆಸ್ಟ್86ನಂತಹ ಮೆಮೊರಿ ಪರೀಕ್ಷೆಯನ್ನು ಇಡೀ ರಾತ್ರಿ ನಡೆಸಬೇಕು. ಒಂದು ದೋಷ ಕಂಡರೂ ಆ ಮೆಮೊರಿಯನ್ನು ಬದಲಿಸಬೇಕು.

ಮುನ್ನೆಚ್ಚರಿಕೆಗಳು

ಸರ್ವರ್ ಖರೀದಿಸುವಾಗ ದೋಷ ತಿದ್ದುವ ಇ.ಸಿ.ಸಿ. ಮೆಮೊರಿಯುಳ್ಳದ್ದನ್ನೇ ಆರಿಸುವುದು ಲೇಸು. ಸಾಮಾನ್ಯ ಎಫ್.ಟಿ.ಪಿ. ಬದಲು ಎಸ್.ಎಫ್.ಟಿ.ಪಿ. ಬಳಸಿದರೆ ದಾರಿಯಲ್ಲಿ ದತ್ತಾಂಶ ಕೆಟ್ಟಾಗ ಸಂಪರ್ಕವೇ ಕಡಿದುಹೋಗುತ್ತದೆ. ಸದ್ದಿಲ್ಲದೆ ಕೆಟ್ಟ ಫೈಲ್‌ಗಿಂತ ಸದ್ದು ಮಾಡಿ ನಿಂತ ವರ್ಗಾವಣೆ ಎಷ್ಟೋ ಮೇಲು.

ಪ್ರತಿ ಕಚೇರಿಯೂ ಒಂದು ಬ್ಯಾಕಪ್ ವಹಿಯನ್ನು ಇಡುವುದು ಉತ್ತಮ. ದಿನಾಂಕ, ಫೈಲ್‌ನ ಹೆಸರು, ಗಾತ್ರ, ಹೊರಟಾಗಿನ ಮತ್ತು ತಲುಪಿದಾಗಿನ ಹ್ಯಾಶ್ ಮೌಲ್ಯ ಹಾಗೂ ಪರಿಶೀಲಿಸಿದವರ ಸಹಿ ಇದರಲ್ಲಿರಬೇಕು. ಇದರಿಂದ ಇನ್ನೊಂದು ಪ್ರಯೋಜನವೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರಡಿ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಸಲ್ಲಿಸುವ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕಾಗುತ್ತದೆ. ಆರಂಭದಿಂದಲೇ ಅದನ್ನು ಬರೆದಿಟ್ಟುಕೊಂಡ ವ್ಯಾಪಾರಸ್ಥರ ದಾಖಲೆಗೆ ಹೆಚ್ಚಿನ ಬೆಂಬಲ ದೊರೆಯುತ್ತದೆ.

ಹ್ಯಾಶ್ ಮೌಲ್ಯಕ್ಕೂ ಒಂದು ಮಿತಿಯಿದೆ. ನಕಲು ಮೂಲದಂತಿದೆ ಎಂಬುದನ್ನು ಮಾತ್ರ ಅದು ಹೇಳಬಲ್ಲದು. ಮೂಲವೇ ಕೆಟ್ಟಿದ್ದರೆ ಕೆಟ್ಟದ್ದರ ಯಥಾಪ್ರತಿ ದೊರೆಯುತ್ತದೆ. ಆದ್ದರಿಂದ ತಿಂಗಳಿಗೊಮ್ಮೆಯಾದರೂ ಬ್ಯಾಕಪ್ಪನ್ನು ಬೇರೊಂದು ಗಣಕದಲ್ಲಿ ತೆರೆದು, ತಾಳೆಪಟ್ಟಿ, ನಗದು ಶಿಲ್ಕು, ಸಾಲಗಾರರ ಪಟ್ಟಿ ಮತ್ತು ದಾಸ್ತಾನಿನ ಮೊತ್ತಗಳನ್ನು ಮುದ್ರಿತ ಪ್ರತಿಗಳೊಡನೆ ಹೋಲಿಸಿ ನೋಡತಕ್ಕದ್ದು. ಬ್ಯಾಂಕಿನ ಪಾಸ್‌ಪುಸ್ತಕವನ್ನು ನಗದು ವಹಿಯೊಡನೆ ಪ್ರತಿ ತಿಂಗಳು ಹೊಂದಿಸಿ ನೋಡುವ ಪರಿಪಾಠವುಳ್ಳವರಿಗೆ ಇದು ಹೊಸ ಹೊರೆಯೇನಲ್ಲ. ಅದೇ ಶಿಸ್ತನ್ನು ಸರ್ವರ್‌ಗೂ ಅನ್ವಯಿಸಿದರೆ ಸಾಕು.