ಕೊಬ್ಬರಿ ಅಟ್ಟದಲ್ಲಿ, ಕಂತು ಬಾಗಿಲಲ್ಲಿ

ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಸಾಲದ ಕಷ್ಟ ಅರ್ಧ ಹುಟ್ಟುವುದು ಬಡ್ಡಿಯಿಂದ, ಇನ್ನರ್ಧ ಕ್ಯಾಲೆಂಡರಿನಿಂದ. ಮರದಿಂದ ಇಳಿಸಿದ ಕಾಯಿ ಅಟ್ಟ ಸೇರಿ, ಒಳಗೇ ಒಣಗಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ದುಡ್ಡು ಬರುವುದು ವರ್ಷಕ್ಕೆ ಒಂದೆರಡು ಸಲ, ಗಂಟಾಗಿ. ಸಂಘದ (ಮೈಕ್ರೊಫೈನಾನ್ಸ್ ಗುಂಪಿನ) ಕಂತು ಮಾತ್ರ ವಾರ ವಾರ ಬಾಗಿಲಿಗೆ ಬರುತ್ತದೆ. ಈ ಎರಡು ಲೆಕ್ಕ ಕೂಡಿಬಾರದಿದ್ದಾಗ ನಡುವಿನ ತಿಂಗಳುಗಳನ್ನು ತುಂಬುವುದು ಕೈಸಾಲ.

ಮೇಲಿಂದ ದರದ ಏರಿಳಿತ ಬೇರೆ. 2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ 8 ಸಾವಿರದ ಆಸುಪಾಸಿಗೆ ಕುಸಿದಿತ್ತು. ಎರಡೇ ವರ್ಷದಲ್ಲಿ, 2025ರ ನಡುವೆ, ಅದೇ ಕೊಬ್ಬರಿ 25 ಸಾವಿರ ದಾಟಿತು. ದರ ಬಿದ್ದ ವರ್ಷ ಮಾಡಿದ ಸಾಲವನ್ನು ದರ ಏರಿದ ವರ್ಷ ತೀರಿಸದೆ ಹೊಸ ಕಾರಿಗೆ ಮುಂಗಡ ಕೊಟ್ಟವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಅವರನ್ನು ಬಿಡೋಣ. ತೀರಿಸಬೇಕು, ಆದರೆ ಎಲ್ಲಿಂದ ಹಿಡಿಯಬೇಕು ಎಂದು ತೋಚದವರಿಗಾಗಿ ಈ ಬರಹ.

ಮೊದಲು ಗಂಡ ಹೆಂಡತಿ ಒಟ್ಟಿಗೆ ಕೂತು ಬರೆಯಿರಿ

ನಮ್ಮ ಕಡೆಯ ಮನೆಗಳಲ್ಲಿ ಸಂಘದ ಸಾಲ ಹೆಂಗಸರ ಹೆಸರಿನಲ್ಲಿ, ಕೈಸಾಲ ಮತ್ತು ಮಂಡಿ ಮುಂಗಡ ಗಂಡಸರ ಹೆಸರಿನಲ್ಲಿ. ಒಬ್ಬರದು ಇನ್ನೊಬ್ಬರಿಗೆ ಪೂರ್ತಿ ಗೊತ್ತಿರುವುದಿಲ್ಲ. ಹಾಗಾಗಿ ಒಂದು ನೋಟ್‌ಬುಕ್ ತೆಗೆದು ಎಲ್ಲವನ್ನೂ ಇಬ್ಬರೂ ಸೇರಿ ಬರೆಯಿರಿ: ಯಾರಿಂದ, ಉಳಿದ ಅಸಲು ಎಷ್ಟು, ವರ್ಷದ ಬಡ್ಡಿ ಎಷ್ಟು, ವಾಯಿದೆ ಯಾವತ್ತು, ಅವರ ಹತ್ತಿರ ನಿಮ್ಮದೇನಿದೆ (ಒಡವೆ, ಪ್ರೋನೋಟು, ಚೆಕ್ಕು, ಪಹಣಿ), ಜಾಮೀನು ಯಾರು. ನೀವೇ ಬೇರೆಯವರಿಗೆ ಜಾಮೀನು ನಿಂತಿದ್ದರೆ ಅದನ್ನೂ ಬರೆಯಿರಿ.

ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತಿರುಗಿಸದೆ ಹೋಲಿಕೆ ಮಾಡಲಾಗದು. ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ 36. ಐವತ್ತು ಸಾವಿರಕ್ಕೆ ‘ಶೇ 12 ಫ್ಲಾಟ್’ ಎಂದು ಹೇಳಿ ವರ್ಷದಲ್ಲಿ 12 ಕಂತು ಕಟ್ಟಿಸಿಕೊಂಡರೆ ನಿಜವಾದ ಬಡ್ಡಿ ಶೇ 21 ದಾಟುತ್ತದೆ, ಏಕೆಂದರೆ ಅಸಲು ತಿಂಗಳು ತಿಂಗಳು ಕರಗಿದರೂ ಬಡ್ಡಿ ಪೂರ್ತಿ ಐವತ್ತು ಸಾವಿರಕ್ಕೇ ಬೀಳುತ್ತಿರುತ್ತದೆ. ಒಂಬತ್ತು ಸಾವಿರ ಕೈಗಿಟ್ಟು ದಿನಕ್ಕೆ ನೂರರಂತೆ ನೂರು ದಿನ ವಸೂಲಿ ಮಾಡುವವರದು ಶೇ 75ಕ್ಕೂ ಮೇಲೆ. ಸಾವಿರ ರೂಪಾಯಿ ತಾನೇ ಎನಿಸುತ್ತದೆ, ಅಲ್ಲೇ ಮೋಸ ಹೋಗುವುದು. ಬ್ಯಾಂಕು, ಫೈನಾನ್ಸ್ ಕಂಪನಿಗಳ ಸಾಲವಾದರೆ 2024ರ ಅಕ್ಟೋಬರ್ 1ರಿಂದ ಒಟ್ಟು ವಾರ್ಷಿಕ ವೆಚ್ಚ ನಮೂದಿಸಿದ ಮುಖ್ಯಾಂಶಗಳ ಪತ್ರವನ್ನು ಸಾಲಗಾರರಿಗೆ ಕೊಡುವುದು ಕಡ್ಡಾಯ. ಕೊಟ್ಟಿಲ್ಲದಿದ್ದರೆ ಕೇಳಿ ಪಡೆಯಿರಿ.

ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೊಮ್ಮೆ ನಿಮ್ಮ ಸಾಲಗಳ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಅದನ್ನು ತೆಗೆಸಿ ನೋಡಿ. ನಾದಿನಿಗೋ ಪಕ್ಕದ ಮನೆಯವರಿಗೋ ನಿಮ್ಮ ಹೆಸರಿನಲ್ಲಿ ತೆಗೆದುಕೊಟ್ಟ ಸಾಲ ಬಾಕಿ ನಿಂತಿರುವುದು ಎಷ್ಟೋ ಸಲ ಗೊತ್ತಾಗುವುದು ಅಲ್ಲೇ.

ಯಾವುದು ಮೊದಲು

ಯಾರು ಜೋರಾಗಿ ಕೂಗುತ್ತಾರೋ ಅವರಿಗೆ ಮೊದಲು ಕೊಡುವುದು ನಮ್ಮ ರೂಢಿ. ಇದೇ ದೊಡ್ಡ ತಪ್ಪು. ಲೆಕ್ಕಕ್ಕೆಂದು ಒಂದು ಮನೆ ಇಟ್ಟುಕೊಳ್ಳೋಣ. ಎರಡೆಕರೆ ತೋಟ, ಖರ್ಚು ಕಳೆದು ಕೊಬ್ಬರಿಯಿಂದ ವರ್ಷಕ್ಕೆ 1,80,000. ಡೇರಿ ಹಾಲಿನಿಂದ ತಿಂಗಳಿಗೆ 6,000. ಸಾಲ: ವ್ಯವಸಾಯ ಸೇವಾ ಸಹಕಾರ ಸಂಘದ (ವಿಎಸ್‌ಎಸ್‌ಎನ್) ಬೆಳೆ ಸಾಲ 1,50,000, ಒಡವೆ ಸಾಲ 80,000, ಮೂರು ರೂಪಾಯಿ ಬಡ್ಡಿಯ ಕೈಸಾಲ 60,000, ಎರಡು ಸಂಘದ ಸಾಲಗಳ ಕಂತು ಸೇರಿ ತಿಂಗಳಿಗೆ 5,200.

ಕಾಗದದ ಮೇಲೆ ಈ ಮನೆಯ ಆದಾಯ ತಿಂಗಳಿಗೆ 21,000. ಮೈಕ್ರೊಫೈನಾನ್ಸ್‌ಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ಹಾಕಿದ ನಿಯಮದ ಪ್ರಕಾರ ಕುಟುಂಬದ ಎಲ್ಲ ಕಂತುಗಳೂ ತಿಂಗಳ ಆದಾಯದ ಅರ್ಧ ಮೀರಬಾರದು. ಈ ಮನೆ ಅದರೊಳಗೇ ಇದೆ. ಆದರೆ ಕೊಬ್ಬರಿ ಅಟ್ಟದಲ್ಲಿರುವಷ್ಟು ಕಾಲ ಕೈಗೆ ಬರುವುದು ಆರು ಸಾವಿರ, ಅದರಲ್ಲಿ ಕಂತಿಗೇ 5,200. ಬೂಸಾ, ಹಿಂಡಿ, ಮಕ್ಕಳ ಫೀಸಿಗೆ ಮತ್ತೆ ಕೈಸಾಲ. ನಿಯಮ ತಪ್ಪಿಲ್ಲ, ತೋಟದ ಲೆಕ್ಕ ಅದಕ್ಕೆ ಗೊತ್ತಿಲ್ಲ.

ಹಾಗಾಗಿ ಹಣವನ್ನು ಎರಡು ಪಾಲು ಮಾಡಿ ನೋಡಿ. ಹಾಲಿನ ಬಟವಾಡೆ, ಕೂಲಿ, ಕರಟ, ಮಟ್ಟೆಯ ದುಡ್ಡು ಸಣ್ಣ ಕಂತುಗಳಿಗೆ. ಕೊಬ್ಬರಿಯ ಗಂಟು ಅಸಲಿಗೆ ಮಾತ್ರ. ಆ ಗಂಟು ಬಂದಾಗ ಮೊದಲು ಹೋಗಬೇಕಾದ್ದು ಕೈಸಾಲದ 60,000. ಅದು ಹೋದರೆ ತಿಂಗಳಿಗೆ 1,800 ಬಡ್ಡಿ ಉಳಿಯುತ್ತದೆ, ಅಂದರೆ ವರ್ಷಕ್ಕೆ 21,600.

ವಿಎಸ್‌ಎಸ್‌ಎನ್ ಸಾಲವನ್ನು ವಾಯಿದೆಯ ದಿನ ತಪ್ಪಿಸಬೇಡಿ. 2023–24ರಿಂದ ಸಹಕಾರ ಸಂಘಗಳಲ್ಲಿ 5 ಲಕ್ಷದವರೆಗೆ ಬೆಳೆ ಸಾಲ ಶೂನ್ಯ ಬಡ್ಡಿಗೆ ಸಿಗುತ್ತಿದೆ, ಆದರೆ ವಾಯಿದೆ ಮೀರಿದರೆ ಆ ರಿಯಾಯಿತಿ ಹೋಗಿ ಬಡ್ಡಿ ಬೀಳುತ್ತದೆ. ಇಲ್ಲೊಂದು ಎಚ್ಚರಿಕೆ. ವಾಯಿದೆ ಹೊತ್ತಿಗೆ ಯಾರಿಂದಲೋ ವಾರದ ಮಟ್ಟಿಗೆ ಕೈಗಡ ತಂದು ಕಟ್ಟಿ, ರಿನ್ಯೂವಲ್ ಆದ ಕೂಡಲೇ ಹಿಂದಿರುಗಿಸುವುದು ಎಲ್ಲ ಕಡೆ ನಡೆಯುತ್ತದೆ. ಮರುಸಾಲ ಬರುವುದು ಎರಡು ತಿಂಗಳು ತಡವಾದರೆ ಆ ವಾರದ ಕೈಗಡವೇ ಮೀಟರ್ ಬಡ್ಡಿಯಾಗುತ್ತದೆ. ಕಟ್ಟುವ ಮೊದಲು ಹೊಸ ಸಾಲ ಯಾವತ್ತು ಬಿಡುಗಡೆಯಾಗುತ್ತದೆಂದು ಕಾರ್ಯದರ್ಶಿಯನ್ನು ಖಚಿತವಾಗಿ ಕೇಳಿ.

ಹಳೇ ಸಾಲ ತೀರಿಸಲು ಹೊಸ ಸಾಲ ಮಾಡಬಾರದು ಎನ್ನುವುದು ಹಿರಿಯರ ಮಾತು. ಒಂದು ವಿನಾಯಿತಿ ಉಂಟು. ಮನೆಯಲ್ಲಿ ಒಡವೆ ಉಳಿದಿದ್ದು, ಬ್ಯಾಂಕು ಶೇ 10ಕ್ಕೆ ಅಡವಿಟ್ಟುಕೊಳ್ಳುವುದಾದರೆ ಅದರಿಂದ ಶೇ 36ರ ಕೈಸಾಲ ತೀರಿಸುವುದು ಜಾಣತನ. ಅರವತ್ತು ಸಾವಿರಕ್ಕೆ ವರ್ಷದ ಬಡ್ಡಿ 6,000ಕ್ಕೆ ಇಳಿಯುತ್ತದೆ. ಷರತ್ತು ಒಂದೇ: ಬ್ಯಾಂಕಿನಿಂದ ಹಣ ನೇರ ಕೈಸಾಲದವರ ಮನೆಗೆ ಹೋಗಬೇಕು, ಪ್ರೋನೋಟು ಅದೇ ಹೊತ್ತಿಗೆ ಕೈಗೆ ಬರಬೇಕು. ನಡುವೆ ಮನೆಗೆ ಬಂದರೆ ಒಂದು ಸಾಲ ಎರಡಾಗುತ್ತದೆ.

ಕಂತು ತಪ್ಪುವ ಮೊದಲೇ ಮಾತಾಡಿ

ಕಂತು ತಪ್ಪಿದ ಮೇಲೆ ಫೋನ್ ಎತ್ತದೆ, ಸಂಘದೋರು ಬರುವ ದಿನ ತೋಟದ ಕಡೆ ಹೋಗಿಬಿಡುವುದು ಬೇಡ. ಬ್ಯಾಂಕಿನವರಿಗೆ ತಪ್ಪಿದ ಸಾಲಗಾರನಿಗಿಂತ ಸಿಗದ ಸಾಲಗಾರನ ಮೇಲೆ ಸಿಟ್ಟು ಜಾಸ್ತಿ. ಮುಂಚೆಯೇ ಹೋಗಿ, ಆದರೆ ಬರಿಗೈಲಿ ಹೋಗಬೇಡಿ, ಬರೆದುಕೊಂಡು ಹೋಗಿ. ಈ ಧಾಟಿ ಸಾಕು:

“ಮಾನ್ಯ ವ್ಯವಸ್ಥಾಪಕರಿಗೆ, ನನ್ನ ಸಾಲದ ಖಾತೆ ಸಂಖ್ಯೆ ಇಂಥದ್ದು. ನನ್ನ ಮುಖ್ಯ ಆದಾಯ ಕೊಬ್ಬರಿ. ಈ ಸಾಲಿನ ಕೊಬ್ಬರಿ ಇಂಥ ತಿಂಗಳು ಮಾರಾಟವಾಗುತ್ತದೆ. ಅಲ್ಲಿಯವರೆಗೆ ತಿಂಗಳಿಗೆ ಇಷ್ಟು ಕಟ್ಟಬಲ್ಲೆ, ಮಾರಾಟದ ನಂತರ ಇಷ್ಟನ್ನು ಒಟ್ಟಿಗೆ ಕಟ್ಟುತ್ತೇನೆ. ಕಂತುಗಳನ್ನು ಹೀಗೆ ಮರುಹೊಂದಿಸಿ, ನಿಮ್ಮ ನಿರ್ಧಾರವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.”

ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ನಿಮ್ಮಿಂದಾಗದ ಮೊತ್ತಕ್ಕೆ ಮುಲಾಜಿಗೆ ಬಿದ್ದು ಒಪ್ಪಬೇಡಿ. ಮೂರು ಸಾವಿರಕ್ಕೆ ಒಪ್ಪಿ ತಪ್ಪುವುದಕ್ಕಿಂತ ಎರಡು ಸಾವಿರ ತಪ್ಪದೆ ಕಟ್ಟುವುದು ಮೇಲು. ತಾಲ್ಲೂಕು ಬರಪೀಡಿತವೆಂದು ಘೋಷಣೆಯಾದ ವರ್ಷ ಬೆಳೆ ಸಾಲವನ್ನು ಮಧ್ಯಮಾವಧಿ ಸಾಲಕ್ಕೆ ಪರಿವರ್ತಿಸಲು ಬ್ಯಾಂಕುಗಳಿಗೆ ಅವಕಾಶವಿರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಆ ಪಟ್ಟಿಯಲ್ಲಿದ್ದವು. ಈ ಪರಿವರ್ತನೆಯನ್ನು ನೀವಾಗಿ ಅರ್ಜಿ ಹಾಕಿ ಕೇಳುವುದು ಒಳ್ಳೆಯದು.

ಸಂಘದ ಕಂತಿನ ವಿಷಯ ಹೆಚ್ಚು ನಾಜೂಕು, ಏಕೆಂದರೆ ಒಬ್ಬರು ತಪ್ಪಿದರೆ ಗುಂಪಿನ ಉಳಿದ ಹೆಂಗಸರೇ ವಸೂಲಿಗೆ ನಿಲ್ಲುತ್ತಾರೆ. ಅವರ ಮುಂದೆಯೇ ಮೊದಲು ಹೇಳಿಕೊಳ್ಳಿ. ಶಾಖೆಯ ಮಟ್ಟದಲ್ಲಿ ವಾರದ ಕಂತನ್ನು ತಿಂಗಳಿಗೆ ಬದಲಿಸಲು, ಅವಧಿ ವಿಸ್ತರಿಸಲು ಕೇಳಿ. ಸಾಲದ ಕಾರ್ಡಿನಲ್ಲಿ ಪ್ರತಿ ಕಂತೂ ದಾಖಲಾಗಲಿ. ಮೊದಲೇ ಪೂರ್ತಿ ತೀರಿಸಿದರೆ ಮೈಕ್ರೊಫೈನಾನ್ಸ್‌ನವರು ದಂಡ ಹಾಕುವಂತಿಲ್ಲ.

ಬಾಗಿಲಿಗೆ ಬಂದು ಕಿರುಚಿದರೆ

ಮೈಕ್ರೊಫೈನಾನ್ಸ್ ವಸೂಲಿಯವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡಿ ಸಾಲ ಕೇಳುವಂತಿಲ್ಲ. ವಸೂಲಿ ಮೊದಲೇ ಒಪ್ಪಿದ ಜಾಗದಲ್ಲಿ ನಡೆಯಬೇಕು. ಸತತ ಎರಡು ಸಲ ನೀವು ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಬೈಗುಳ, ಬೆದರಿಕೆ, ನೆಂಟರಿಗೆ ಫೋನ್ ಮಾಡಿ ಮಾನ ಕಳೆಯುವುದು ಯಾವುದೂ ಸಲ್ಲದು. ದಿನಾಂಕ, ಹೊತ್ತು, ಬಂದವರ ಹೆಸರು ಬರೆದಿಟ್ಟು, ಮೊದಲು ಆ ಸಂಸ್ಥೆಗೇ ಲಿಖಿತ ದೂರು ಕೊಡಿ. ಮೂವತ್ತು ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರಬಹುದು, ಮಾಹಿತಿಗೆ 14448.

2025ರ ಜನವರಿಯಲ್ಲಿ ವಸೂಲಿ ಕಿರುಕುಳಕ್ಕೆ ರಾಜ್ಯದ ಹಲವೆಡೆ ಜನ ಊರು ಬಿಟ್ಟರು, ಜೀವ ಕಳೆದುಕೊಂಡವರೂ ಇದ್ದರು. ಅದರ ಬೆನ್ನಿಗೇ ಫೆಬ್ರುವರಿ 12ರಂದು ಸುಗ್ರೀವಾಜ್ಞೆ ಬಂತು, ಮುಂದೆ ವಿಧಾನಮಂಡಲದ ಒಪ್ಪಿಗೆ ಪಡೆದು ಕಾಯ್ದೆಯಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ. ದೂರು ದಾಖಲಿಸಿಕೊಳ್ಳಲು ಪೊಲೀಸರು ನಿರಾಕರಿಸುವಂತಿಲ್ಲ. ಆದರೆ ‘ಇನ್ನು ಸಂಘದ ಸಾಲ ಕಟ್ಟಬೇಕಿಲ್ಲ’ ಎಂದು ಊರಲ್ಲಿ ಹಬ್ಬಿದ ಮಾತು ಸುಳ್ಳು. ನೋಂದಣಿ, ಪರವಾನಗಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲಕ್ಕಷ್ಟೇ ಆ ಬಿಡುಗಡೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಗಳ ಸಾಲ ಸಾಲವೇ.

ಬಡ್ಡಿ ವ್ಯವಹಾರ ಮಾಡುವ ಖಾಸಗಿಯವರಿಗೆ 1961ರ ಲೇವಾದೇವಿ ಕಾಯ್ದೆಯಡಿ ಪರವಾನಗಿ ಬೇಕು. ಒತ್ತೆ ಇದ್ದರೆ ಶೇ 14, ಇಲ್ಲದಿದ್ದರೆ ಶೇ 16 ಅವರ ಮಿತಿ. ಮೀಟರ್ ಬಡ್ಡಿ, ದಿನದ ಬಡ್ಡಿಯನ್ನು 2004ರ ಕಾಯ್ದೆ ಅಪರಾಧವೆಂದೇ ಹೇಳಿದೆ. ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೂ, ಠಾಣೆಗೂ ದೂರು ಕೊಡಬಹುದು.

ಕೈಸಾಲದಲ್ಲಿ ನಿಮ್ಮನ್ನು ಸಿಕ್ಕಿಸುವುದು ಖಾಲಿ ಚೆಕ್ಕು. ಚೆಕ್ಕು ಬೌನ್ಸಾಗಿ ನೋಟಿಸ್ ಬಂದರೆ ಹಣ ಕೊಡಲು 15 ದಿನವಷ್ಟೇ ಇರುತ್ತದೆ. ಆಮೇಲೆ ಕ್ರಿಮಿನಲ್ ಕೇಸು. ನೋಟಿಸನ್ನು ವಾಪಸ್ ಕಳಿಸಿದರೆ ತಪ್ಪಿಸಿಕೊಂಡಂತಾಗುವುದಿಲ್ಲ, ಅದೇ ದಿನ ವಕೀಲರನ್ನು ಕಾಣಿ. ಸ್ವಲ್ಪ ಸ್ವಲ್ಪವೇ ತೀರಿಸುತ್ತಿದ್ದರೆ ಪ್ರತಿ ಸಲವೂ ಪ್ರೋನೋಟಿನ ಹಿಂದೆ ಷರಾ ಬರೆಸಿ, ಆದಷ್ಟು ಬ್ಯಾಂಕ್ ಮೂಲಕವೇ ಕೊಡಿ.

ತೋಟಕ್ಕೇನೂ ಆಗುವುದಿಲ್ಲ ಎಂಬ ಧೈರ್ಯವೂ ಅರ್ಧ ಸತ್ಯ. ಬ್ಯಾಂಕುಗಳು ಕೋರ್ಟಿಗೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು ಬಳಸುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ತಗುಲದು, ನಿಜ. ಅಡಮಾನವಿಟ್ಟ ಜಮೀನಿನ ಮೇಲೆ ಬೇರೆ ದಾರಿಗಳಿಂದ ವಸೂಲಿ ನಡೆಯಬಹುದು.

ರಾಜಿಯಾಗುವಾಗ, ಮುಗಿಸುವಾಗ

ಹಳೆಯ ಸುಸ್ತಿ ಸಾಲವಾದರೆ ಬ್ಯಾಂಕು ಒಂದೇ ಬಾರಿಯ ತೀರುವಳಿಗೆ ಒಪ್ಪಬಹುದು. ಏಜೆಂಟನ ಬಾಯಿಮಾತಿಗೆ ನಗದು ಕೊಡಬೇಡಿ. ಮೊತ್ತ, ಕೊನೆಯ ದಿನ ನಮೂದಿಸಿದ ಪತ್ರ ಬ್ಯಾಂಕಿನಿಂದಲೇ ಬರಲಿ. ಹೀಗೆ ಕಡಿಮೆಗೆ ಮುಗಿಸಿದ ಸಾಲ ಸಿಬಿಲ್‌ನಲ್ಲಿ ಪೂರ್ತಿ ತೀರಿದ ಸಾಲದಂತೆ ಕಾಣುವುದಿಲ್ಲ, ಮುಂದೆ ಸಾಲ ಸಿಗುವುದು ಕಷ್ಟವಾಗುತ್ತದೆ ಎಂಬುದು ತಿಳಿದಿರಲಿ. ಲೋಕ ಅದಾಲತ್ ಇನ್ನೊಂದು ಒಳ್ಳೆಯ ದಾರಿ. ಕೋರ್ಟ್ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಹೆಂಗಸರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ವಕೀಲರೂ ಉಚಿತ. ಸಹಾಯವಾಣಿ 15100. ಅಲ್ಲಿ ಒಪ್ಪಿದ್ದಕ್ಕೆ ಮೇಲ್ಮನವಿ ಇಲ್ಲ, ಹಾಗಾಗಿ ಕಂತಿನ ಮೊತ್ತ ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿ.

ಸಾಲದ ಯೋಚನೆಯಲ್ಲಿ ನಿದ್ದೆ ಬಿಟ್ಟವರಿಗೆ, ಬದುಕು ಬೇಡವೆನಿಸಿದವರಿಗೆ ಟೆಲಿ ಮಾನಸ್ 14416 ಹಗಲಿರುಳೂ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರು ಆ ನಂಬರನ್ನು ಗೋಡೆಯ ಮೇಲೆ ಬರೆದಿಟ್ಟರೂ ತಪ್ಪಿಲ್ಲ.

ಕೊನೆಯ ಕಂತು ಕಟ್ಟಿದ ದಿನ ಕೆಲಸ ಮುಗಿದಿರುವುದಿಲ್ಲ. ಬಾಕಿ ಇಲ್ಲವೆಂಬ ಪತ್ರ, ಪ್ರೋನೋಟು, ಚೆಕ್ಕುಗಳನ್ನು ವಾಪಸ್ ಪಡೆಯಿರಿ. ಆಸ್ತಿ ಪತ್ರಗಳನ್ನು ಬ್ಯಾಂಕು 30 ದಿನದೊಳಗೆ ಹಿಂದಿರುಗಿಸಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಆಮೇಲೆ ಪಹಣಿ ತೆಗೆಸಿ 11ನೇ ಕಾಲಂ ನೋಡಿ. ತೀರಿದ ಸಾಲ ಅಲ್ಲಿ ಹಾಗೇ ಉಳಿದಿದ್ದರೆ ಬ್ಯಾಂಕಿನ ಪತ್ರದೊಂದಿಗೆ ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ಅರ್ಜಿ ಕೊಟ್ಟು ತೆಗೆಸಿಹಾಕಿ.