ಮಂಡಿಗೆ ಕೊಬ್ಬಿನ ಇಂಜೆಕ್ಷನ್: ದುಡ್ಡು ಯಾರ ಜೇಬಿನದು?

ಅಕ್ಕನಿಗೆ ಕ್ಲಿನಿಕ್ಕಿನವರು ಕೊಟ್ಟ ಎಸ್ಟಿಮೇಟಿನಲ್ಲಿ ಇದ್ದದ್ದು ಒಂದೇ ಸಾಲು: ಎರಡೂ ಮಂಡಿಗೆ ಪ್ಯಾಕೇಜ್, ಎರಡೂವರೆ ಲಕ್ಷ. ಅಡ್ವಾನ್ಸ್ ಕಟ್ಟಿದರೆ ಡೇಟ್, ಬೇಕಿದ್ದರೆ ಇಎಂಐ. ತಿಪಟೂರಿನಲ್ಲಿ ಟೀಚರಾಗಿ ನಿವೃತ್ತಳಾದ ಅವಳಿಗೆ ಸಾಲ ಅಂದರೆ ಆಗದು, ಎಫ್‌ಡಿ ಮುರಿಸುವ ಯೋಚನೆ. "ನನ್ನ ಹೊಟ್ಟೆ ಕೊಬ್ಬನ್ನೇ ತೆಗೆದು ನನ್ನ ಮಂಡಿಗೇ ಹಾಕ್ತಾರಂತೆ ಕಣೋ, ಹೊರಗಿಂದೇನೂ ಇಲ್ಲ" ಅಂದಳು. ಭಾವನ ಭುಜದ ಸ್ನಾಯುರಜ್ಜು ನೋವಿಗೂ ಅದೇ ಮದ್ದಂತೆ; ದಂಪತಿ ಒಟ್ಟಿಗೆ ಬಂದರೆ ರಿಯಾಯಿತಿಯೂ ಇತ್ತು!

ಹೊಟ್ಟೆಯ ಚರ್ಮ ಮರಗಟ್ಟಿಸಿ ಸಣ್ಣ ಕೊಳವೆಯಲ್ಲಿ ಕೊಬ್ಬು ಎಳೆಯುತ್ತಾರೆ, ಕಿಣ್ವ ಹಾಕಿ ಬಿಡಿಸುತ್ತಾರೆ, ಯಂತ್ರದಲ್ಲಿ ಗರಗರ ತಿರುಗಿಸಿ ಕೋಶಗಳನ್ನು ಬೇರ್ಪಡಿಸಿ ಕೀಲಿಗೆ ಚುಚ್ಚುತ್ತಾರೆ. ಎಲ್ಲ ಒಂದೇ ದಿನದ ಕೆಲಸ. ಅವರು ಅದನ್ನು ಸ್ಟೆಮ್ ಸೆಲ್ ಅನ್ನುತ್ತಾರೆ. ಸಿರಿಂಜಿನಲ್ಲಿ ಇರುವುದು ಹಲವು ಬಗೆಯ ಕೋಶಗಳ ಮಿಶ್ರಣ, ಸ್ಟೆಮ್ ಸೆಲ್ ಅದರಲ್ಲೊಂದು ಸಣ್ಣ ಪಾಲು.

ನಾನು ಡಾಕ್ಟರಲ್ಲ, ದುಡ್ಡಿನ ದಾರಿಯನ್ನಷ್ಟೇ ಹಿಡಿದು ಹೋದೆ. ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ, ಕಂಪನಿಗಳು ಕೈಬಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿ ಮಾಡಿತು. ಸ್ಟೆಮ್ ಸೆಲ್ ಅದರಲ್ಲಿದೆ, ಆದರೆ ರಕ್ತದ ಕಾಯಿಲೆಗೆ ಮಾಡುವ ಮಜ್ಜೆ ಕಸಿಗೆ ಮಾತ್ರ. ಅಕ್ಕನ ಪಾಲಿಸಿಯಲ್ಲಿ 'ಸಾಬೀತಾಗದ ಚಿಕಿತ್ಸೆಗೆ ಹಣವಿಲ್ಲ' ಎಂಬ ಷರತ್ತೂ ಇತ್ತು. ಇನ್ನು ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಹೇಳುವುದು, ಆ ಮಜ್ಜೆ ಕಸಿಯಂಥದ್ದು ಬಿಟ್ಟರೆ ಉಳಿದದ್ದೆಲ್ಲ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನೊಳಗೇ ನಡೆಯಬೇಕು, ಸೇರಿದವರಿಂದ ಹಣ ಕೇಳುವಂತಿಲ್ಲ ಎಂದು.

ಅಂದರೆ ಟ್ರಯಲ್ ಆದರೆ ಅಕ್ಕ ದುಡ್ಡು ಕೊಡಬೇಕಿಲ್ಲ, ಒಪ್ಪಿತ ಚಿಕಿತ್ಸೆಯಾದರೆ ವಿಮೆಯವರನ್ನು ಕೇಳಬಹುದು. ಈ ಎರಡೂವರೆ ಲಕ್ಷ ಎರಡರ ಲೆಕ್ಕಕ್ಕೂ ಸೇರುವುದಿಲ್ಲ.

ಕ್ಲಿನಿಕ್ಕಿಗೆ ಫೋನ್ ಮಾಡಿ ಟ್ರಯಲ್ ನೋಂದಣಿ ಸಂಖ್ಯೆ ಕೇಳಿದೆ. ಸಿಟಿಆರ್‌ಐ ಎಂಬ ಸರ್ಕಾರಿ ಜಾಲತಾಣದಲ್ಲಿ ಅದನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಸಂಖ್ಯೆ ಬರಲಿಲ್ಲ, "ಮಂಡಿ ಸ್ಟೆಮ್ ಸೆಲ್‌ಗೆ ಸರ್ಕಾರದ ಅಪ್ರೂವಲ್ ಇದೆಯಲ್ಲ ಸರ್" ಎಂಬ ಮಾತು ಬಂತು. ಇದೆ. 2022ರಲ್ಲಿ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಔಷಧಕ್ಕೆ ಮಂಡಿ ಸವೆತಕ್ಕೆಂದು ಕೇಂದ್ರದ ಔಷಧ ನಿಯಂತ್ರಕ ಡಿಸಿಜಿಐ ಅನುಮತಿ ಸಿಕ್ಕಿತು. ಅದು ದಾನಿಗಳ ಮೂಳೆ ಮಜ್ಜೆಯಿಂದ ಪ್ರಯೋಗಾಲಯದಲ್ಲಿ ಬೆಳೆಸಿದ್ದು; ಅಕ್ಕನ ಹೊಟ್ಟೆಯ ಕೊಬ್ಬಿಗೂ ಅದಕ್ಕೂ ಸಂಬಂಧವಿಲ್ಲ.

ಕೆಲಸ ಮಾಡಿದರೆ ಸಾಕು, ಕಾನೂನು ಕಟ್ಟಿಕೊಂಡು ಏನಾಗಬೇಕು ಅನ್ನುವವರೂ ಇದ್ದಾರೆ. ಅಮೆರಿಕದಲ್ಲಿ ಮಂಡಿ ಸವೆತದ 475 ಜನರ ಮೇಲೆ ನಡೆದ ಟ್ರಯಲ್ ಒಂದರ ಫಲಿತಾಂಶ 2023ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. ಸ್ವಂತ ಕೊಬ್ಬಿನ ಕೋಶ, ಸ್ವಂತ ಮಜ್ಜೆ, ಹೊಕ್ಕುಳಬಳ್ಳಿಯ ಕೋಶ, ಮೂರನ್ನೂ ಮಾಮೂಲಿ ಸ್ಟೀರಾಯ್ಡ್ ಇಂಜೆಕ್ಷನ್ ಜೊತೆ ಹೋಲಿಸಿದ್ದರು. ಒಂದು ವರ್ಷದ ನಂತರ ನೋವಿನಲ್ಲಿ ಯಾವುದೂ ಸ್ಟೀರಾಯ್ಡಿಗಿಂತ ಮೇಲಾಗಲಿಲ್ಲ, ಎಂಆರ್‌ಐನಲ್ಲೂ ವ್ಯತ್ಯಾಸ ಕಾಣಲಿಲ್ಲ. ಸ್ಟೀರಾಯ್ಡ್ ಏನೂ ಸಂಜೀವಿನಿಯಲ್ಲ, ಆದರೆ ಅದಕ್ಕೆ ಎಫ್‌ಡಿ ಮುರಿಸಬೇಕಿಲ್ಲ.

ಬೆಲೆಯ ಮಾತೂ ಇದೆ. ಮಂಡಿ ಬದಲಾವಣೆಯ ಇಂಪ್ಲಾಂಟಿಗೆ 2017ರ ಆಗಸ್ಟ್‌ನಲ್ಲಿ ಕೇಂದ್ರದ ಬೆಲೆ ಪ್ರಾಧಿಕಾರ ಮಿತಿ ಹಾಕಿತು. ಸರಾಸರಿ ಒಂದೂವರೆ ಲಕ್ಷ ದಾಟಿದ್ದ ಸಾಮಾನ್ಯ ಇಂಪ್ಲಾಂಟ್ ಜಿಎಸ್‌ಟಿ ಬಿಟ್ಟು 54,720 ರೂಪಾಯಿಗೆ ಇಳಿಯಿತು. ಕೊಬ್ಬಿನ ಪ್ಯಾಕೇಜಿಗೆ ಅಂಥ ಮಿತಿಯಿಲ್ಲ, ಕೇಳಿದ್ದೇ ರೇಟು.

ಅಕ್ಕನ ಪಾಲಿಸಿಯಲ್ಲಿ ಕೀಲು ಬದಲಾವಣೆಗೆ ಕಾಯುವ ಅವಧಿ ಮುಗಿಯುವುದು ಬರುವ ವರ್ಷ. ಆಪರೇಷನ್ ಬೇಕೋ ಬೇಡವೋ ಆಮೇಲಿನ ಮಾತು. ಸದ್ಯಕ್ಕೆ ಎಫ್‌ಡಿಯ ಬಡ್ಡಿಯಲ್ಲಿ ಫಿಸಿಯೋಥೆರಪಿಯ ಹುಡುಗಿ ಮನೆಗೇ ಬರುತ್ತಾಳೆ, ಭಾವನ ಭುಜವನ್ನೂ ನೋಡುತ್ತಾಳೆ.